ದಡದ ಕಡೆಗೆ ಬೀಸಿದ ಗಾಳಿ

ನನ್ನ ಮಾವ ಇದಿನಬ್ಬರಿಗೆ ಕುವೈತಿನ ಸಮುದ್ರ ಹಿಡಿಸಲಿಲ್ಲ. ಇದು ಸಮುದ್ರವೇ ಅಲ್ಲ, ಬಸಿದಿಟ್ಟ ಗಂಜಿತಿಳಿ ಎಂದರು. ಅತ್ತೆಯ ಜೊತೆ ಮಗಳ ಮನೆಗೆ ವಿಸಿಟ್ ವೀಸಾದಲ್ಲಿ ಬಂದವರು, ಹವಲ್ಲಿಯ ನಮ್ಮ ಫ್ಲ್ಯಾಟಿನ ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂತುಬಿಟ್ಟರು. ಧೂಳು ಎದ್ದ ದಿನ ಎದುರಿನ ಕಟ್ಟಡಗಳು ಒಂದೊಂದಾಗಿ ಕರಗಿ, ಕೆಳಗಿನ ಮೊಬೈಲ್ ಅಂಗಡಿಗಳ ದೀಪ ಮಾತ್ರ ಉಳಿಯುತ್ತಿತ್ತು. ಅಂಥ ದಿನ, ಕಡಲ ಮೇಲಿನ ಮಬ್ಬು ಕಂಡಂತೆ, ಅವರ ಮುಖ ತುಸು ಅರಳುತ್ತಿತ್ತು.

ಪ್ರಾಯದಲ್ಲಿ ಅವರು ಮಂಗಳೂರಿನ ಹಳೇ ಬಂದರಿನಿಂದ ಹೆಂಚು ಹೇರಿಕೊಂಡು ಹೋಗುವ ಮಂಜಿಯ ತಂಡೇಲರಾಗಿದ್ದರು. ಮಂಜಿ ಎಂದರೆ ಮರದ ಹಾಯಿಹಡಗು. ಅದನ್ನು ನಡೆಸುವ ಹೊಣೆ ತಂಡೇಲನದು. ಒಂದು ಮೇ ತಿಂಗಳ ಸಂಜೆ, ಊರು ಕಾಣುವಷ್ಟು ಹತ್ತಿರ ಬಂದಾಗ ಪಡುಗಾಳಿ ಎದ್ದಿತು. ಗಾಳಿ ದಡದ ಕಡೆಗೇ ನೂಕುತ್ತಿತ್ತು. ಮಾವ ಮಾತ್ರ ಮಂಜಿಯ ಮೂತಿಯನ್ನು ಕಡಲಿಗೆ ತಿರುಗಿಸಿದರು. ಬೆಳಗ್ಗೆ ಗಾಳಿ ಇಳಿದ ಮೇಲೆ ಮಂಜಿ ಬಂದರಿಗೆ ಬಂತು. ಅದರಲ್ಲಿ ಕೆಲಸಕ್ಕಿದ್ದ ಮುತ್ತಲಿಬ್ ಬರಲಿಲ್ಲ, ಅಲೆ ಅವನನ್ನು ಎಳೆದುಕೊಂಡಿತ್ತು. ಅವನು ನನ್ನ ಅತ್ತೆ ಖತೀಜಮ್ಮನ ಒಬ್ಬನೇ ತಮ್ಮ.

‘ಗಾಳಿ ಬಂದಾಗ ತೂರಿಕೋ’ ಎನ್ನುವುದು ಭತ್ತ ತೂರುವವರ ಗಾದೆ. ಊರಿನವರು ಅದನ್ನು ಕಡಲಿಗೂ ಹಚ್ಚಿದರು. ದಡಕ್ಕೆ ಗಾಳಿ ಇತ್ತಂತೆ, ಹಾಗೇ ಬಿಟ್ಟಿದ್ದರೆ ಹುಡುಗ ಮನೆ ಸೇರುತ್ತಿದ್ದನಂತೆ, ತಂಡೇಲನ ಹಟಕ್ಕೆ ಸತ್ತನಂತೆ. ಕಾಲಿಗೆ ಉಪ್ಪುನೀರು ತಾಗಿಸಿಕೊಳ್ಳದವರ ಬಾಯಲ್ಲೇ ಈ ‘ಅಂತೆ’ಗಳು ಜಾಸ್ತಿ. ಮಾವ ಮಂಜಿ ಬಿಟ್ಟು ಒಣಮೀನಿನ ಅಂಗಡಿ ಇಟ್ಟರು.

ಊರ ಬಾಯಿಗೆ ಅವರು ಸೊಪ್ಪು ಹಾಕಿದವರಲ್ಲ. ಹೆಂಡತಿ ಏನು ಎಣಿಸಿದ್ದಾಳೆ ಎಂಬುದೊಂದೇ ಅವರನ್ನು ತಿನ್ನುತ್ತಿತ್ತು. ಅತ್ತೆ ಆ ಸಂಜೆಯ ಸುದ್ದಿ ಎತ್ತಿದವರಲ್ಲ, ಇವರು ಕೇಳಿದವರಲ್ಲ. ನನಗಿದು ತಿಳಿದದ್ದು, ಕಾರು ರಿಪೇರಿಗೆಂದು ಶುವೈಖ್‌ಗೆ ಹೋಗುವ ದಾರಿಯಲ್ಲಿ. “ಅವಳ ಮನಸ್ಸಲ್ಲಿ ಎಂತ ಉಂಟೂಂತ ತಿಳಿಯದೆ ಸಾಯ್ಲಿಕ್ಕೆ ಹೆದರಿಕೆ ಆಗ್ತದೆ ಅಝರುದ್ದೀನ್,” ಎಂದರು.

ನನ್ನ ಹೆಂಡತಿ ಫಾತಿಮತ್ ಶಹನಾಳಿಗೆ ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ. ಅಲ್ಲಿ ಬೇಡವೆಂದು ತೆಗೆದುಹಾಕಿದ ಒಂದು ದಪ್ಪ ಪುಸ್ತಕ ತಂದಳು. ಐರ್ಲೆಂಡಿನ ಇತಿಹಾಸ, ಎಲ್ಲರೂ ಓದಲೆಂದು ಕಥೆಯ ಹಾಗೆ ಬರೆದದ್ದು, ತುಂಬ ಹಡಗಿನ ಚಿತ್ರಗಳು. ಸಂಜೆಯ ಮಗ್ರಿಬ್ ನಮಾಝ್ ಮುಗಿದ ಮೇಲೆ ನಮ್ಮ ಬ್ಯಾರಿ ಮಾತಿಗೆ ತಿರುಗಿಸಿ ಉಪ್ಪನಿಗೆ, ಅಂದರೆ ಅಪ್ಪನಿಗೆ, ಓದಿ ಹೇಳುತ್ತಿದ್ದಳು. ಪುಸ್ತಕದಲ್ಲಿ ಚರ್ಮ ಹೊದಿಸಿದ ದೋಣಿಯಲ್ಲಿ ಸನ್ಯಾಸಿಗಳು ಬಿಳಿ ಮಬ್ಬಿನೊಳಗೆ ಸಾಗುತ್ತಿದ್ದರು. ಎಸಿಯ ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು. ಹೊರಗೆ ಧೂಳು, ಒಳಗೆ ಯಾವುದೋ ತಣ್ಣನೆಯ ಕಡಲು. ನೆಲ ಮೆಲ್ಲಗೆ ಓಲಾಡಿದಂತಾಗಿ ನಾನು ಸೋಫಾದ ಕೈ ಹಿಡಿದುಕೊಂಡದ್ದೂ ಉಂಟು.

ಮಾವ ನಡುನಡುವೆ ತಡೆಯುತ್ತಿದ್ದರು. “ಆ ದೋಣಿಯಲ್ಲಿ ಎಲ್ಲರೂ ಎದ್ದು ನಿಂತದ್ದಾ? ಮಗುಚಿ ಹೋಗುದಿಲ್ವಾ?”

“ಬರೆದವ ಕಡಲನ್ನು ಹೋಟೆಲಿನ ಕಿಟಕಿಯಿಂದ ನೋಡಿರ್ಬೇಕು ಮಾವ,” ಎಂದೆ. ಅವರು ನಕ್ಕರು.

ಒಂದು ಗುರುವಾರ ಸ್ಪೇನಿನ ಹಡಗುಗಳ ಅಧ್ಯಾಯ ಬಂತು. ಯುದ್ಧದಲ್ಲಿ ಸೋತು ಮರಳುವಾಗ ಐರ್ಲೆಂಡಿನ ಪಡುಕರೆಯಲ್ಲಿ ಒಡೆದುಹೋದ ಹಡಗುಗಳವು. ಶಹನಾ ಓದಿದಳು: “ಅದೃಷ್ಟಕ್ಕೆ ಗಾಳಿ ದಡದ ಕಡೆಗೇ ಇತ್ತು. ಆದರೂ ಕಪ್ತಾನರು ಹಡಗನ್ನು ಕಡಲಿಗೆ ತಿರುಗಿಸಲು ಹೆಣಗಿ, ಬದುಕುವ ದಾರಿಯನ್ನು ತಾವೇ ಕಳೆದುಕೊಂಡರು.” ತಾನು ಏನು ಓದಿದೆ ಎಂದು ಅವಳಿಗೆ ಹೊಳೆದದ್ದು ಓದಿ ಮುಗಿದ ಮೇಲೆ.

ಈ ಸಲ ಮಾವ ತಡೆಯಲಿಲ್ಲ. “ಪುಸ್ತಕದಲ್ಲೂ ಹಾಗೇ ಉಂಟಲ್ಲ,” ಎಂದರು ಮೆಲ್ಲಗೆ. “ಊರಿನವರು ಹೇಳಿದ್ದು ಸರಿ ಇರ್ಬೇಕು.”

ನನಗೆ ಮೈ ಉರಿಯಿತು. ದೋಣಿಯಲ್ಲಿ ನಿಲ್ಲುವುದಕ್ಕೂ ತಪ್ಪು ಹಿಡಿದವರು, ತಮ್ಮನ್ನೇ ಕೊಲ್ಲುವ ಪುಸ್ತಕದ ತಪ್ಪನ್ನು ಒಪ್ಪಿಕೊಂಡು ಕೂತಿದ್ದರು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯೆಲ್ಲ ಅಕ್ಕಿಹಿಟ್ಟು. “ಶಹನಾ, ಅದನ್ನು ಬರೆದವನಿಗೆ ಹೊಳೆ ಕಡಲು ಸೇರುವ ಅಳಿವೆ ಬಾಗಿಲು ಗೊತ್ತಿಲ್ಲ. ಅಂಥ ಗಾಳಿಗೆ ಹೇರಿದ ಮಂಜಿಯನ್ನು ದಡಕ್ಕೆ ಬಿಟ್ರೆ ಮರಳದಿಣ್ಣೆಗೆ ಬಡಿದು ಚೂರಾಗ್ತದೆ. ಹೊರಗೆ ತಿರುಗಿಸಿದ್ದಕ್ಕೇ ಉಳಿದವರು ಉಳಿದದ್ದು. ಸುಕ್ಕಾಣಿ ಮುತ್ತಲಿಬನ ಕೈಯಲ್ಲಿದ್ದಿದ್ರೆ ಅವನೂ ಅದನ್ನೇ ಮಾಡ್ತಿದ್ದ.”

ಮಾವ ಕುರ್ಚಿಯಲ್ಲೇ ಅತ್ತೆಯ ಕಡೆ ತಿರುಗಿದರು. “ನಿಂಗೆ ಗೊತ್ತಿತ್ತಾ?”

“ನನ್ನ ಉಪ್ಪನೂ ತಂಡೇಲರೇ ಅಲ್ವಾ? ಅವತ್ತೇ ಗೊತ್ತಿತ್ತು.”

“ಮತ್ತೆ ಒಂದು ಮಾತು ಹೇಳ್ಲಿಲ್ಲ ನೀನು.”

“ತಮ್ಮ ಹೋದ ದುಃಖಕ್ಕೆ ಬಾಯಿ ಕಟ್ಟಿತ್ತು. ನಿಮ್ಮ ಮೇಲೆ ಸಿಟ್ಟೂಂತ ಎಣಿಸಿದ್ರಾ?”

ಮಾವ ಎದ್ದು ಹೋಗಿ ಆ ಹಿಟ್ಟಿನ ಕೈ ಹಿಡಿದುಕೊಂಡರು. ಅಳಿಯ ಎದುರಿಗಿದ್ದಾನೆ ಎಂಬ ಸಂಕೋಚವೂ ಇಲ್ಲದೆ ಅತ್ತರು. “ಅವನ ಅಂಗಿ ನನ್ನ ಕೈಗೆ ಸಿಕ್ಕಿತ್ತು ಖತೀಜಾ. ಹಿಡೀಲಿಕ್ಕೆ ಆಗ್ಲಿಲ್ಲ.”

“ಹೇಳಿ,” ಎಂದರು ಅತ್ತೆ. “ಅವ ಹೇಗೆ ಹೋದಾಂತ ಪೂರ್ತಿ ಹೇಳಿ. ನಿಮಗೆ ನೋವಾಗ್ತದೇಂತ ನಾನು ಕೇಳ್ಲೇ ಇಲ್ಲ.”