ಮುಳುಗದ ಹೊತ್ತು, ಅಕ್ಕನಾಗಮ್ಮನ ಡಬ್ಬಿ

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಶಂಕ್ರೆಪ್ಪನ ಹೆಂಡತಿ ಅಕ್ಕನಾಗಮ್ಮ ಕೆಟ್ಟವಳಲ್ಲ, ಕೈ ಮಾತ್ರ ಬಿಗಿ. ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು ಓಣಿಯವರು ಆಡಿಕೊಂಡರೂ ಆಕೆ ಯಾರಿಗೂ ಬಾಯಿಬಿಟ್ಟು ಇಲ್ಲವೆಂದವಳಲ್ಲ. ದೀಪ ಹಚ್ಚಿದ ಮೇಲೆ ಮನೆಯಿಂದ ಏನನ್ನೂ ಹೊರಗೆ ಕೊಡಬಾರದೆಂದು ಹಿರಿಯರು ಮಾಡಿಟ್ಟ ಪದ್ಧತಿಯೊಂದಿದೆಯಲ್ಲ, ಅದರ ಮರೆಯಲ್ಲೇ ಬಾಳು ಸಾಗಿಸಿದ್ದಳು. ನೆರೆಮನೆಯ ದ್ರಾಕ್ಷಿ ವ್ಯಾಪಾರಿಯ ಹೆಂಡತಿ ವಿದ್ಯಾವತಿ ಹೆಪ್ಪಿಗೆಂದು ಬಟ್ಟಲು ಹಿಡಿದು ಅಂಗಳ ದಾಟುವಷ್ಟರಲ್ಲಿ ಇಲ್ಲಿ ದೀಪ ಉರಿಯುತ್ತಿತ್ತು. ಮೋಡ ಕವಿದ ದಿನ ಸಂಜೆಯ ಚಹಾಕ್ಕೂ ಮೊದಲೇ ಹಚ್ಚಿದ್ದುಂಟು. ಇನ್ನೂ ನಾಲ್ಕೂ ಆಗಿಲ್ಲವಲ್ಲ ಎಂದರೆ, "ಗಡಿಯಾರ ನೋಡಿ ದೀಪ ಹಚ್ಚತಾರೇನ ತಂಗಿ? ಹೊತ್ತು ನೋಡಿ ಹಚ್ಚತಾರ," ಎನ್ನುವಳು.

ಇಂಥ ಅಕ್ಕನಾಗಮ್ಮ ವಿಮಾನ ಹತ್ತಿದಳು. ದ್ರಾಕ್ಷಿ ವ್ಯಾಪಾರಿಗಳೆಲ್ಲ ಹೆಂಡಿರನ್ನು ಕರೆದುಕೊಂಡು ಲಂಡನ್ ನೋಡಲು ಹೊರಟಿದ್ದರು. ಪರದೇಶದ ಅನ್ನ ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದ ಆಕೆಯ ತೊಡೆಯ ಮೇಲೆ ಒಂದು ಡಬ್ಬಿ ಶೇಂಗಾ ಹೋಳಿಗೆ. ಹೋಗಿ ಬರುವತನಕ ಅದೇ ಆಧಾರ. ಪಕ್ಕದ ಸೀಟಿಗೆ ವಿದ್ಯಾವತಿಯೇ ಬರಬೇಕೆ!

ಮಧ್ಯಾಹ್ನ ಮುಂಬೈ ಬಿಟ್ಟ ಸ್ವಲ್ಪ ಹೊತ್ತಿಗೇ ವಿದ್ಯಾವತಿ ಒಂದು ಹೋಳಿಗೆ ಕೇಳಿದಳು. ತಡಿ ಎಂದ ಅಕ್ಕನಾಗಮ್ಮ, ಹೊತ್ತು ಮುಳುಗಿದರೆ ತಾನು ಗೆದ್ದಂತೆ ಎಂದು ಕಿಟಕಿಗೆ ಕಣ್ಣು ನೆಟ್ಟಳು. ಎಷ್ಟು ಕಾದರೂ ಹೊತ್ತು ಇದ್ದಲ್ಲೇ ಇತ್ತು. ವಿಮಾನ ಸೂರ್ಯನ ಬೆನ್ನು ಹತ್ತಿ ಪಶ್ಚಿಮಕ್ಕೆ ಹೆಚ್ಚುಕಡಿಮೆ ಅವನಷ್ಟೇ ಜೋರಾಗಿ ಓಡುತ್ತಿದೆ, ಅದಕ್ಕೇ ಅವನು ಇಳಿಯುವುದಿಲ್ಲ ಎಂದು ಹಿಂದಿನ ಸೀಟಿನಿಂದ ಶಂಕ್ರೆಪ್ಪ ತಿಳಿಸಿದ. ಹಾಗೆ ಬೆನ್ನು ಹತ್ತಲು ಸೂರ್ಯ ಇವರಪ್ಪನ ಗಂಟೇನು ತಿಂದಿದ್ದ ಎಂದು ಆಕೆಗೆ ಸಿಟ್ಟು ಬಂತು.

ಕಿಟಕಿಯ ಪರದೆ ಎಳೆದು ಕತ್ತಲಾಯಿತು ಎಂದಳು. ವಿದ್ಯಾವತಿ ಅದನ್ನು ಸರಿಸಿದಳು, ಬಿಸಿಲು ಡಬ್ಬಿಯ ಮೇಲೇ ಬಿತ್ತು. ಅಕ್ಕನಾಗಮ್ಮ ಗಗನಸಖಿಯನ್ನು ಕರೆದು ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಕೇಳಿದಳು. ಆ ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು. ಕೊನೆಗೆ ಗಂಡನ ಕೈಗಡಿಯಾರ ತೋರಿಸಿ, ನಮ್ಮೂರಲ್ಲಿ ಈಗ ಊಟವೇ ಮುಗಿದಿರುತ್ತದೆ ಎಂದಳು.

"ಗಡಿಯಾರ ನೋಡಿ ದೀಪ ಹಚ್ಚತಾರೇನ್ರಿ ಅಕ್ಕಾ?" ಎಂದಳು ವಿದ್ಯಾವತಿ.

ತಾನೇ ಆಡಿದ ಮಾತು, ಅಲ್ಲವೆನ್ನುವುದು ಹೇಗೆ? ಡಬ್ಬಿ ತೆರೆಯಿತು. ಬೆಲ್ಲ ಏಲಕ್ಕಿಯ ಘಮಕ್ಕೆ ವ್ಯಾಪಾರಿಗಳ ಹೆಂಡಿರು ಒಬ್ಬೊಬ್ಬರಾಗಿ ಎದ್ದು ಬಂದರು. ಲಂಡನ್ ಬಂದಾಗ ಡಬ್ಬಿಯಲ್ಲಿ ಪುಡಿ ಉಳಿದಿತ್ತು, ಹೊತ್ತು ಇನ್ನೂ ಆಕಾಶದಲ್ಲಿತ್ತು.

ಯಾರಿಗೂ ಬೇಡವಾದಾಗ ಅದು ಮುಳುಗಿತು. ಶಂಕ್ರೆಪ್ಪ ಹೋಟೆಲಿನಲ್ಲಿ ಬ್ರೆಡ್ಡು ತಿಂದು ಗೊರಕೆ ಹೊಡೆದ. ಶಪಥದ ಅಕ್ಕನಾಗಮ್ಮನಿಗೆ ಹಸಿವಿನಿಂದ ಕಣ್ಣಿಗೆ ಕತ್ತಲೆ ಬಂತು. ವಿದ್ಯಾವತಿಯ ದೊಡ್ಡ ಚೀಲದಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಇರುವುದು ಗೊತ್ತಿತ್ತು. ನಾಚಿಕೆ ನುಂಗಿಕೊಂಡು ಎದುರಿಗಿದ್ದ ಅವಳ ಕೋಣೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆದಾಗ ಒಳಗೆ ಲೈಟು ಝಗಝಗ ಉರಿಯುತ್ತಿತ್ತು, ಕಿಟಕಿಯಾಚೆ ಕತ್ತಲು. ಅಷ್ಟು ವರ್ಷ ತಾನು ಹೇಳಿದ್ದನ್ನು ಈಗ ತಾನೇ ಕೇಳಬೇಕಲ್ಲ ಎಂದು ತಲೆ ತಗ್ಗಿಸಿ ನಿಂತಳು.

ವಿದ್ಯಾವತಿ ಆಕೆಯ ಮುಖ ನೋಡಿದಳು, ಕಿಟಕಿ ನೋಡಿದಳು. ಕೈ ಚಾಚಿ ಟಪ್ಪನೆ ಲೈಟು ಆರಿಸಿದಳು.

"ನಾವಿನ್ನೂ ದೀಪ ಹಚ್ಚಿಲ್ಲರೀ ಅಕ್ಕಾ. ಒಳಗ ಬರ್ರಿ, ರೊಟ್ಟಿ ಕೊಡತೀನಿ."