ಚಮಚಗಳ ಡ್ರಾಯರ್‌ನಲ್ಲಿದ್ದ ಓಟು

ಕಳೆದ ತಿಂಗಳು ಒಂದು ಶನಿವಾರ ಸಂಜೆ, ಬ್ರಿಟನ್ನಿನ ಪಿನ್ನರ್‌ನ ನಮ್ಮ ಫ್ಲ್ಯಾಟಿನಲ್ಲಿ ಕೂತು ನಾನು ಅಮೆರಿಕದ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ಮೂಲದ, ಮತದಾರರ ಮನಸ್ಸನ್ನು ಬಿಡಿಸಿ ಹೇಳುತ್ತಿದ್ದೆ. ಕೇಳುಗರು ಇಬ್ಬರು. ಒಬ್ಬಳು ನನ್ನ ಹೆಂಡತಿ ಲತಾ. (ಆಕೆ ಕೇಳುತ್ತಿರಲಿಲ್ಲ.) ಇನ್ನೊಬ್ಬಳು ಎದುರು ಫ್ಲ್ಯಾಟಿನ ಮರಿಸೋಲ್.

ಮರಿಸೋಲ್ ಕೊಲಂಬಿಯಾದವಳು. ಇಲ್ಲೇ ಹತ್ತಿರದ ಕೇರ್ ಹೋಮ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಾವು ಈ ಕಟ್ಟಡಕ್ಕೆ ಬಂದ ತಿಂಗಳೇ ಅವಳೂ ಬಂದಳು. ಆಕೆಗೆ ಬರುವ ಕನ್ನಡ ಪದಗಳು ಎರಡು: ಸಾರು ಮತ್ತು ಸಾಕು. ಎರಡನೆಯದನ್ನು ಲತಾ ಇದುವರೆಗೆ ಒಪ್ಪಿದ್ದಿಲ್ಲ.

ನಾನು ಭರದಲ್ಲಿದ್ದೆ. ಅಲ್ಲಿ ಅಧ್ಯಕ್ಷರೊಬ್ಬರು ಕೂತಲ್ಲೇ ಒಂದು ಸಹಿ ಹಾಕಿದರೆ ವಲಸೆಯ ನಿಯಮ ಬದಲಾಗಿಬಿಡುತ್ತದಲ್ಲ, ಹೀಗಿರುವಾಗ ನಿಮ್ಮವರು ಅಷ್ಟೊಂದು ಜನ ಅವರಿಗೇ ಹೇಗೆ ಓಟು ಹಾಕಿದರು ಎಂದು ಮರಿಸೋಲ್‌ಳನ್ನೇ ಕೇಳಿದೆ. ಧ್ವನಿಯಲ್ಲಿ ಸ್ವಲ್ಪ ಆಕ್ಷೇಪಣೆಯೂ ಇತ್ತು.

"ನಮ್ಮವರು ಅಂದ್ರೆ ಯಾರು?" ಎಂದಳು ಆಕೆ. "ಟೆಕ್ಸಾಸ್‌ನಲ್ಲಿ ಯಾರೋ ಯಾಕೆ ಹಾಗೆ ಹಾಕಿದ್ರು ಅಂತ ನನಗೇನು ಗೊತ್ತು? ಟ್ರಿನಿಡಾಡ್‌ನಲ್ಲಿರೋ ಇಂಡಿಯನ್ನರು ಯಾರಿಗೆ ಹಾಕಿದ್ರು ಅಂತ ನಿನಗೆ ಗೊತ್ತಾ?"

ನಾನು ಮಾತನ್ನು ಮತ್ತೆ ಅಮೆರಿಕದತ್ತ ತಿರುಗಿಸಲು ನೋಡಿದೆ.

"ಇನ್ನೊಂದು. ಹಿಸ್ಪಾನಿಕ್ ಅನ್ನೋದು ಅಮೆರಿಕದ ಫಾರ್ಮಿನಲ್ಲಿ. ಇಲ್ಲಿನ ಫಾರ್ಮಿನಲ್ಲಿ ನಾನು ‘ಇತರೆ’ ಅಷ್ಟೇ."

ಅಷ್ಟರಲ್ಲಿ ಬೆಲ್ ಆಯಿತು. ನಾನು ಬಚಾವಾದೆ ಎಂದುಕೊಂಡೆ.

ಬಾಗಿಲಲ್ಲಿ ಕೋಟಿಗೆ ಪಕ್ಷದ ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ಹಿರಿಯರು. ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ, ಚುನಾವಣೆಯ ಪ್ರಚಾರ. ಕಸದ ಡಬ್ಬಿ, ರಸ್ತೆ ಗುಂಡಿ ಇತ್ಯಾದಿ ಮುಗಿಸಿ ಕೈಯಲ್ಲಿದ್ದ ಮತದಾರರ ಪಟ್ಟಿ ನೋಡಿದರು. ನನ್ನ ಹೆಸರನ್ನು ಮೂರು ತುಂಡು ಮಾಡಿ ಓದಿದರು. ಆಮೇಲೆ ಬಹಳ ನಯವಾಗಿ, "ನಾಲ್ಕು ವರ್ಷದಿಂದ ನಿಮ್ಮ ಹೆಸರು ಇದೆ. ಒಮ್ಮೆಯೂ ಓಟು ಹಾಕಿದ ಹಾಗಿಲ್ಲವಲ್ಲ?" ಎಂದು ಕೇಳಿದರು.

ನನ್ನ ಬೆನ್ನ ಹಿಂದಿದ್ದ ಇಬ್ಬರು ಹೆಂಗಸರೂ ಏಕಕಾಲಕ್ಕೆ ನನ್ನತ್ತ ತಿರುಗಿದರು.

ಈಗ ತಪ್ಪೊಪ್ಪಿಗೆ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳುವ ಒಂದು ಫಾರ್ಮ್ ಕೌನ್ಸಿಲ್‌ನಿಂದ ಬಂದಿತ್ತು. ಫಾರ್ಮ್ ಕಂಡರೆ ತುಂಬಿ ಕಳಿಸುವುದು ವೀಸಾದ ಮೇಲಿರುವವರ ಹುಟ್ಟುಗುಣ. ಕೆಲವು ವಾರಗಳಲ್ಲಿ, ಬಂದು ಓಟು ಹಾಕಿ ಎಂದು ಕರೆಯುವ ಪೋಲ್ ಕಾರ್ಡ್ ಬಂತು. ಭಾರತದ ಪಾಸ್‌ಪೋರ್ಟ್ ಇರುವವನಿಗೆ ಬ್ರಿಟನ್ನಿನಲ್ಲಿ ಓಟೇ? ಖಂಡಿತ ಏನೋ ತಪ್ಪಾಗಿದೆ. ಹೋಗಿ ಓಟು ಹಾಕಿದರೆ ಅಪರಾಧ, ವಾಪಸ್ ಕಳಿಸಿದರೆ ವಿಚಾರಣೆ. ಮುಟ್ಟದೆ ಇಡುವುದೇ ಕ್ಷೇಮವೆಂದು ಚಮಚಗಳ ಡ್ರಾಯರ್‌ನಲ್ಲಿ, ಚಮಚಗಳ ಕೆಳಗೆ ತಳ್ಳಿದೆ. ಆಮೇಲೆ ಬಂದವೂ, ಲತಾಳ ಹೆಸರಿನವೂ, ಅಲ್ಲಿಗೇ ಹೋದವು.

ಬಾಗಿಲಲ್ಲಿದ್ದವರು ನಕ್ಕರು. "ನೀವು ಕಾಮನ್‌ವೆಲ್ತ್ ದೇಶದವರು. ಧಾರಾಳವಾಗಿ ಹಾಕಬಹುದು." ರಾಜಕೀಯದವರ ಮಾತನ್ನು ನಂಬುವುದುಂಟೇ? ಅವರನ್ನು ನಿಲ್ಲಿಸಿಕೊಂಡೇ ಸುಮಿತ್ರಕ್ಕನಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಸುಮಿತ್ರಕ್ಕ ಧಾರವಾಡದ ಡಾಕ್ಟರು, ಈ ದೇಶಕ್ಕೆ ಬಂದು ಮೂವತ್ತು ವರ್ಷವಾಗಿದೆ. ನಮಗೆ ಜ್ವರದಿಂದ ಹಿಡಿದು ಬಾಯ್ಲರ್ ರಿಪೇರಿಯವರೆಗೆ ಎಲ್ಲಕ್ಕೂ ಅವರೇ.

"ಅಲ್ಲೋ ತಮ್ಮಾ, ಕಾಮನ್‌ವೆಲ್ತ್ ಅಂದ್ರ ಬರೇ ಓಡೂದು, ಜಿಗಿಯೂದು ಅಂತ ತಿಳ್ಕೊಂಡೀ ಏನ?" ಎಂದರು ಅಕ್ಕ. "ನಾ ಬಂದ ವರ್ಷನ ಹಾಕೇನಿ. ಇಷ್ಟ ವರ್ಷ ಏನ್ ಮಾಡ್ದಿ ನೀ?"

ಲತಾ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: "ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ ಇವ್ರು. ಅದೂ ಅಮೆರಿಕದವರೆಗೆ."

ಮರಿಸೋಲ್ ಎದ್ದು ಬಾಗಿಲಿಗೆ ಬಂದಳು. ಅವಳಿಗೆ ಒಂದೇ ಪ್ರಶ್ನೆ ಇತ್ತು. ಐದು ವರ್ಷ ದುಡಿದರೆ ಇಲ್ಲೇ ನೆಲೆಸಲು ಅರ್ಜಿ ಹಾಕಬಹುದು ಎಂದು ನಂಬಿ ಬಂದವರು ನಾವಿಬ್ಬರೂ. ಈಗ ಆ ಐದು ಹತ್ತಾಗಬಹುದು, ಕೆಲವರಿಗೆ ಇನ್ನೂ ಹೆಚ್ಚಾಗಬಹುದು ಎಂಬ ಸುದ್ದಿ ತಿಂಗಳುಗಳಿಂದ ತಲೆ ತಿನ್ನುತ್ತಿದೆ.

"ನನಗೀಗ ನಲವತ್ತನಾಲ್ಕು," ಎಂದಳು. "ಇನ್ನೊಂದು ವರ್ಷ ಸಾಕಾ, ಇನ್ನು ಆರು ಬೇಕಾ? ಆರಾದ್ರೆ ಐವತ್ತಕ್ಕೂ ನಾನು ಇಲ್ಲಿರಬಹುದಾ ಅಂತ ಕೇಳ್ತಾನೇ ಇರ್ತೀನಿ."

"ಅದು ಕೌನ್ಸಿಲ್ ಕೈಯಲ್ಲಿಲ್ಲಮ್ಮ," ಎಂದರು ಆ ಹಿರಿಯರು, ನಿಜವಾಗಿಯೂ ಬೇಸರದಿಂದ. "ನಿಮ್ಮ ಎಂಪಿಗೆ ಬರೆಯಿರಿ. ನಿಮ್ಮ ಹೆಸರು?" ಪಟ್ಟಿಯಲ್ಲಿ ಮೇಲಿಂದ ಕೆಳಗೆ ಬೆರಳಾಡಿಸಿದರು. ಇರಲಿಲ್ಲ. ಒಂದು ನಗೆ ನಕ್ಕು ಪೆನ್ನಿನ ಮುಚ್ಚಳ ಹಾಕಿದರು.

ಆ ಮುಚ್ಚಳ ಹಾಕಿದ್ದು ನನಗೆ ಚುಚ್ಚಿತು. ಒಂದೇ ಕಟ್ಟಡ, ಒಂದೇ ಮಹಡಿ, ಹೆಚ್ಚುಕಡಿಮೆ ಒಂದೇ ಥರದ ವೀಸಾ. ಅವಳು ಪ್ರತಿ ಅಭ್ಯರ್ಥಿಯ ಕರಪತ್ರವನ್ನೂ ಅಡಿಗೆರೆ ಹಾಕಿ ಓದಿದ್ದಳು. ನಾನು ಅವುಗಳ ಮೇಲೆ ಚಪ್ಪಲಿ ಬಿಡುತ್ತಿದ್ದೆ. ಓಟು ಮಾತ್ರ ನನಗೆ.

ಯಾಕೆ? ನಮ್ಮನ್ನು ಆಳಿದವರು ಬ್ರಿಟಿಷರು, ಅದಕ್ಕೆ ಎಂದು ಆ ಹಿರಿಯರು ಹೋದ ಮೇಲೆ ಆಕೆಗೆ ವಿವರಿಸಿದೆ.

"ನಮ್ಮನ್ನು ಆಳಿದ್ದು ಸ್ಪೇನ್," ಎಂದಳು ಮರಿಸೋಲ್. "ನಮ್ಮೂರಿಗೆ ತಪ್ಪು ಹಡಗು ಬಂತು."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. (ನಕ್ಕಾದ ಮೇಲೆ ಆಕೆ ಎರಡನೇ ಸಲ ಸಾರು ಬಡಿಸಿಕೊಂಡಳು. ಸಾಕು ಎನ್ನಲಿಲ್ಲ.)

ಆ ರಾತ್ರಿಯೇ ಇಬ್ಬರೂ ಕೂತು ಎಂಪಿಗೆ ಪತ್ರ ಬರೆದೆವು. ಇಂಗ್ಲಿಷ್ ಅವಳದು, ಕಾಗುಣಿತ ನನ್ನದು. ಬರೆಯುವಾಗ ಒಂದು ವಿಷಯ ತಿಳಿಯಿತು. ಅಮೆರಿಕದಲ್ಲಿ ಒಂದು ಸಹಿಗೆ ಎಲ್ಲವೂ ಬದಲಾಗುತ್ತದೆ ಎಂದು ನಾನು ಭಾಷಣ ಮಾಡುತ್ತಿದ್ದೆನಲ್ಲ? ಇಲ್ಲೂ ವಲಸೆಯ ನಿಯಮ ಬದಲಿಸಲು ಹೊಸ ಕಾನೂನೇ ಬೇಕೆಂದಿಲ್ಲ. ಮಂತ್ರಿಗಳು ಬದಲಾವಣೆಗಳ ಪಟ್ಟಿಯೊಂದನ್ನು ಪಾರ್ಲಿಮೆಂಟಿನ ಮುಂದೆ ಇಡುತ್ತಾರೆ, ಯಾರೂ ಎದ್ದು ತಡೆಯದಿದ್ದರೆ ಅದೇ ನಿಯಮ. ಸಾಮಾನ್ಯವಾಗಿ ಯಾರೂ ಎದ್ದು ತಡೆಯುವುದಿಲ್ಲ. ದೂರದ ಗುಡ್ಡದ ಮೇಲಿನ ಕಲ್ಲು ಕಾಣುತ್ತಿತ್ತು, ಕಾಲಡಿಯದು ಕಂಡಿರಲಿಲ್ಲ.

ಚುನಾವಣೆಯ ದಿನ ಮರಿಸೋಲ್ ಜೊತೆಗೆ ಬಂದಳು. ನಾನು ಮತ್ತೆ ಹೆದರಿ ಅರ್ಧ ದಾರಿಯಿಂದ ತಿರುಗಿಬಿಡುತ್ತೇನೆ ಎಂದು ಲತಾ ಅವಳನ್ನು ಕಾವಲಿಗೆ ಕಳಿಸಿದ್ದಳು. (ಲತಾ ಬೆಳಿಗ್ಗೆ ಏಳಕ್ಕೇ ಹೋಗಿ ಹಾಕಿ ಬಂದಿದ್ದಳು.) ಮತಗಟ್ಟೆಯಾಗಿದ್ದ ಚರ್ಚ್ ಹಾಲ್‌ನ ಹೊರಗೆ ಯಜಮಾನರಿಗಾಗಿ ಕಾಯುವ ನಾಯಿಗಳ ಸಾಲು. ಒಬ್ಬ ಅಜ್ಜಿ ತನ್ನ ನಾಯಿಯ ಹಗ್ಗವನ್ನು ಮರಿಸೋಲ್ ಕೈಗೆ ಕೊಟ್ಟು ಒಳಗೆ ಹೋದರು.

ಒಳಗೆ ನಾನು ಪಾಸ್‌ಪೋರ್ಟ್ ತೆಗೆದೆ. ಈ ಪಾಸ್‌ಪೋರ್ಟನ್ನು ಯಾವ ಕೌಂಟರ್‌ನಲ್ಲಿ ಇಟ್ಟರೂ ಮುಂದಿನ ಪ್ರಶ್ನೆ "ಯಾವಾಗ ವಾಪಸ್ ಹೋಗುತ್ತೀರಿ?" ಎಂಬುದೇ. ಇಲ್ಲಿ ಮೇಜಿನ ಹಿಂದಿದ್ದ ಹೆಂಗಸು ಫೋಟೊ ನೋಡಿದರು, ನನ್ನ ಮುಖ ನೋಡಿದರು, ಇಲ್ಲಿನವರ ರೂಢಿಯಂತೆ "ಥ್ಯಾಂಕ್ಯೂ ಲವ್" ಎಂದು ಮತಪತ್ರ ಕೊಟ್ಟರು. ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲ್. ಒಂದು ಗುರುತು. ಮುಗಿಯಿತು. ಸುಳ್ಳೇಕೆ, ನನ್ನ ಕಣ್ಣು ಒದ್ದೆಯಾಯಿತು.

ಹೊರಗೆ ಬಂದಾಗ ಮರಿಸೋಲ್ ಕೈಯಲ್ಲಿ ಮೂರು ನಾಯಿಗಳಿದ್ದವು.

"ಪೊಲೀಸರು ಬಂದ್ರಾ?" ಎಂದು ಕೇಳಿದಳು.

"ಇಲ್ಲ."

"ಮುಂದಿನ ಸಲ ನಾನು ಒಳಗೆ ಹೋಗ್ತೀನಿ. ನೀನು ನಾಯಿ ಹಿಡ್ಕೊ."

ಆಗಲಿ ಎಂದೆ. ಅವಳಿಗೆ ಮೊದಲು ನೆಲೆಸುವ ಅನುಮತಿ, ಆಮೇಲೆ ಪೌರತ್ವ, ಆಮೇಲೆ ಆ ಮೋಟು ಪೆನ್ಸಿಲ್. ಎಂಪಿ ಕಚೇರಿಯಿಂದ "ನಿಮ್ಮ ಪತ್ರ ತಲುಪಿದೆ" ಎಂದು ಉತ್ತರ ಬಂದಿದೆ. ಅದನ್ನು ಚಮಚಗಳ ಡ್ರಾಯರ್‌ನಲ್ಲಿ ಇಟ್ಟಿಲ್ಲ, ಫ್ರಿಜ್ ಮೇಲೆ ಅಂಟಿಸಿದ್ದೇವೆ.

ನಾಯಿ ಹಿಡಿಯಲು ನಾನು ತಯಾರು; ಯಾವ ವರ್ಷ ಬರಬೇಕೆಂದು ಯಾರನ್ನು ಕೇಳಲಿ?