ಬಾಯಿಲ್ಲದ ಪಟಪಟರು

ಮಗಳಿಗೆ ಆಗ ಏಳು ವರ್ಷ, ನನ್ನ ಹೊಟ್ಟೆಯಲ್ಲಿ ಎರಡನೆಯದು. ಸುಗಟೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಗೂಡು ಕಟ್ಟಿದ್ದೇ ತಡ, ಬಿಡಿಸಿ ಮಾರುಕಟ್ಟೆಗೆ ಸಾಗಿಸಿಬಿಡುತ್ತೇವೆ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಹಾಳು, ಹಾಗಾಗಿ ಚಿಟ್ಟೆಯ ಮುಖ ನಾವು ನೋಡುವುದೇ ಅಪರೂಪ. ಆ ಸಲ ಎರಡು ಗೂಡು, ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ ಚಂದ್ರಿಕೆಯ ಸಂದಿಯಲ್ಲಿ ಉಳಿದುಹೋದವು. ಮಗಳ ಕಣ್ಣಿಗೇ ಬೀಳಬೇಕೆ! ಎತ್ತಿಕೊಂಡು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡಳು.

ಚಿಟ್ಟೆಗಳು ಬಂದವು. ಸೊಪ್ಪು ಹಾಕಿದಳು, ಮುಟ್ಟಲಿಲ್ಲ. ಸಕ್ಕರೆ ನೀರಿಟ್ಟಳು, ಅದೂ ಬೇಡ.

"ಅವಕ್ಕೆ ತಿನ್ನೋ ಬಾಯೇ ಇಲ್ಲ ಕಣೇ," ಎಂದೆ. ಜೋಡಿಯಾದವು, ಹೆಣ್ಣು ಮೊಟ್ಟೆ ಇಟ್ಟಿತು, ಕೆಲವೇ ದಿನಗಳಲ್ಲಿ ಎರಡೂ ಸತ್ತವು.

ಆಮೇಲೆ ಶುರುವಾಯಿತು ನೋಡಿ ಅವಳ ಪಟಪಟರ ಕಥೆ. ಬೆಟ್ಟದ ಬಂಡೆಗಳ ಒಳಗೆ ಇರುವ ರೆಕ್ಕೆಯ ಜನವಂತೆ ಅವರು. ಹುಟ್ಟುವಾಗ ಗಂಡೂ ಅಲ್ಲ, ಹೆಣ್ಣೂ ಅಲ್ಲ. ನಮ್ಮ ಹುಳಗಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವಲ್ಲ, ಹಾಗೆ ಅವರಿಗೂ ನಾಲ್ಕು ಜ್ವರ. ನಾಲ್ಕನೆಯದು ಬಿಟ್ಟ ಮೇಲೆ ಇಷ್ಟ ಬಂದವರು ಅಮ್ಮ, ಇಷ್ಟ ಬಂದವರು ಅಪ್ಪ. ಮೊಮ್ಮಗನಿಗೆ ಕಾದಿದ್ದ ನಮ್ಮತ್ತೆ, "ತಮ್ಮ ಬೇಕಾ, ತಂಗಿ ಬೇಕಾ?" ಎಂದರೆ, "ಈಗ್ಲೇ ಹೆಂಗ್ ಗೊತ್ತಾಗುತ್ತೆ ಅಜ್ಜಿ? ಜ್ವರ ಬಿಡ್ಲಿ," ಅನ್ನುವಳು. ನಾನು ಬಿದ್ದು ಬಿದ್ದು ನಕ್ಕಿದ್ದೆ.

ಒಂದು ದಿನ ಕೇಳಿದೆ: "ಅಮ್ಮ ಆದ್ಮೇಲೆ ಏನ್ ಮಾಡ್ತಾರೆ?"

"ಬಾಯಿ ಮುಚ್ಚೋಗುತ್ತೆ. ಪಾಪು ಬರುತ್ತೆ. ಅಮ್ಮ ಸತ್ತೋಗ್ತಾಳೆ."

ನಗು ಅಲ್ಲೇ ನಿಂತಿತು. ಇವಳು ಹುಟ್ಟಿದಾಗ ನನಗೆ ರಕ್ತ ನಿಂತಿರಲಿಲ್ಲ; ನಾನು ಬದುಕುವ ಆಸೆಯನ್ನೇ ಎಲ್ಲರೂ ಬಿಟ್ಟಿದ್ದರಂತೆ. ಬಂದವರಿಗೆಲ್ಲ ಅತ್ತೆ ಅದನ್ನೇ ಹೇಳುವರು, ಇವಳು ಪಕ್ಕದಲ್ಲಿದ್ದರೂ ಸರಿ. ನನಗೋ ಈ ಸಲವೂ ಹಾಗೇ ಆದರೆ ಎಂಬ ದಿಗಿಲು ಅನ್ನ ಇಳಿಯಲು ಬಿಡುತ್ತಿರಲಿಲ್ಲ. ಅರ್ಧ ಮುದ್ದೆ ಬಿಟ್ಟು ಎದ್ದರೆ ಸಾಕು, ಮಗಳು ತಟ್ಟೆ ಹಿಡಿದು ಹಿಂದೆಯೇ ಬರುವಳು. "ಹೋಗೇ ಅತ್ಲಾಗೆ, ಪ್ರಾಣ ತಿನ್ಬೇಡ!" ಎಂದು ರೇಗುತ್ತಿದ್ದೆ. ಹಟ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಕೋಲಾರದಲ್ಲಿ ಆಪರೇಷನ್ ಎಂದು ನಿರ್ಧಾರವಾಯಿತು. ಆ ಬೆಳಿಗ್ಗೆ ಅತ್ತೆ ಆಸ್ಪತ್ರೆಯ ಹೊರಗಿನಿಂದ ಮಗಳಿಗೆ ಇಡ್ಲಿ ತಂದರು. ಅವಳು ಮೊದಲ ತುಂಡು ಮುರಿದು ನನ್ನ ಬಾಯಿಗಿಟ್ಟಳು. ಮುಖ ತಿರುಗಿಸಿದೆ.

"ಬೇಡ ಕಣೇ. ಇವತ್ತು ನಾನು ಏನೂ ತಿನ್ನಂಗಿಲ್ಲ. ನೀರೂ ಕುಡಿಯಂಗಿಲ್ಲ."

ಮಗುವಿನ ಮುಖ ಬಿಳಿಚಿಕೊಂಡಿತು. "ಬಾಯಿ ಮುಚ್ಚೋಯ್ತಾ ಅಮ್ಮಾ?"

"ಅಯ್ಯೋ ದೇವುಡಾ! ಬಿಡ್ತು ಅನ್ನು, ಬಿಡ್ತು ಅನ್ನು!" ಎಂದು ಅತ್ತೆ ಗದರಿದರು.

"ಬಿಡ್ತು," ಎಂದಳು ಮಗಳು. ಇಡ್ಲಿ ಅವಳ ಮುಷ್ಟಿಯಲ್ಲಿ ಪುಡಿಯಾಗಿತ್ತು. ಡಾಕ್ಟರು ಹೇಳಿದ್ದಾರೆ, ಎಲ್ಲರಿಗೂ ಹೀಗೇ ಎಂದು ನಾನು ಹೇಳುತ್ತಲೇ ಇದ್ದೆ, ಅವಳು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ನನ್ನನ್ನು ಒಳಗೆ ಕರೆದೊಯ್ದರು. ಹೆದರಿಕೆಗೆ ನಾಲಿಗೆ ಒಣಗಿತ್ತು. ದೀಪದ ಕೆಳಗೆ ಮಲಗಿ ನಾನೂ ಬಾಯಿ ತೆರೆದು ಮುಚ್ಚಿ ನೋಡಿಕೊಂಡೆ. ನಾಚಿಕೆಗೇಡು, ಆದರೆ ನಿಜ.

ಗಂಡು ಮಗು. ಈ ಸಲ ರಕ್ತ ನಿಂತಿತು. ಸಂಜೆ ಅತ್ತೆ ಅವಳನ್ನು ಕರೆತಂದು, "ಬಾರೇ, ತಮ್ಮನ್ನ ನೋಡು," ಎಂದರು. ಬಾಗಿಲು ಬಿಟ್ಟು ಅವಳು ಕದಲಲಿಲ್ಲ. ತೊಟ್ಟಿಲ ಕಡೆ ತಿರುಗಲೂ ಇಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಸ್ವಲ್ಪ ಗಂಜಿ ಕುಡಿಯಬಹುದು ಎಂದರು ನರ್ಸ್. ಅತ್ತೆ ಲೋಟ ಎತ್ತುವಷ್ಟರಲ್ಲಿ ಚಮಚ ಮಗಳ ಕೈಯಲ್ಲಿತ್ತು. ಅವಳ ಅವಸರಕ್ಕೆ ಅರ್ಧ ಗಂಜಿ ನನ್ನ ಕತ್ತಿನ ಮೇಲೆ ಚೆಲ್ಲಿತು. ಉಳಿದರ್ಧ ನುಂಗಿದೆ.

"ಆ ಅನ್ನು," ಎಂದಳು. ಅನ್ನ ನುಂಗದೆ ಕೆನ್ನೆಯಲ್ಲಿ ಒತ್ತರಿಸಿಕೊಂಡಿದ್ದಾಳೋ ಎಂದು ನಾನು ಅವಳ ಬಾಯಿ ನೋಡುವುದೂ ಹೀಗೇ.

ಬಾಯಿ ತೆರೆದೆ. ಇಣುಕಿ ನೋಡಿದಳು. ಒಳಗೆ ಏನೂ ಉಳಿದಿರಲಿಲ್ಲ. ಚಮಚ ಹಿಡಿದೇ ನೆಲದ ಮೇಲೆ ಕುಸಿದು ಕೂತು, ಆಸ್ಪತ್ರೆಗೆಲ್ಲ ಕೇಳುವಂತೆ ಗೊಳೋ ಎಂದು ಅತ್ತಳು. ಅಳುತ್ತಲೇ ಎದ್ದು ಇನ್ನೊಂದು ಚಮಚ ತುಂಬಿದಳು.